ಉಂಡದ್ದು ಹೇಳಬಾರದು

ಓಡಾಡುವ ಕೂಸೊಂದು ಮನೆಯಲ್ಲಿದ್ದರೆ ತಲೆ ಕೆಡಿಸಿಕೊಳ್ಳಲು ಬೇರೆ ಕಾರಣ ಹುಡುಕಬೇಕಿಲ್ಲ. ಒಂದು ಗೊಂದಲ ಬಗೆಹರಿಯಿತು ಅನ್ನುವಷ್ಟರಲ್ಲಿ ಇನ್ನೊಂದು ತೊಡೆ ಏರಿ ಕೂತಿರುತ್ತದೆ. ನಾನು ಸಿಂದಗಿಯ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತೇನೆ. ಹತ್ತನೆಯ ತರಗತಿಯ ಯಾವ ಲೆಕ್ಕಕ್ಕೂ ಹೆದರಿದವಳಲ್ಲ. ಒಂದು ವರ್ಷ ಎಂಟು ತಿಂಗಳ ಮಗಳ ಹೊಟ್ಟೆಯ ಲೆಕ್ಕ ಮಾತ್ರ ನನ್ನನ್ನು ಅಳಿಸಿಬಿಟ್ಟಿತು. ನಾನು ಅನ್ನ ಕಲಸಿಕೊಂಡು ಕೂತರೆ ಎರಡು ತುತ್ತಿಗೆ ತುಟಿ ಬಿಗಿಯುತ್ತಿದ್ದಳು. ಮೂರನೆಯ ತುತ್ತು ನನ್ನ ಸೀರೆಯ ಪಾಲು.

೧. ಬಾಳೆಹಣ್ಣಿನ ಮುಹೂರ್ತ

ಅನ್ನ ಬೇಡವಾದರೆ ಹಣ್ಣಾದರೂ ತಿನ್ನಲಿ ಎಂದು ಒಂದು ಡಜನ್ ಬಾಳೆಹಣ್ಣು ತಂದೆ. ಮನಗೂಳಿಯಿಂದ ನನ್ನ ಅವ್ವ ಫೋನಿನಲ್ಲಿ, "ಮುಂಜಾನೆ ಕೊಡಬ್ಯಾಡ, ನೆಗಡಿ ಆಗ್ತೈತಿ" ಅಂದಳು. ನಮ್ಮ ಜೊತೆಗೇ ಇರುವ ಅತ್ತೆ ದೇವಣಗಾಂವದವರು. ಅವರು, "ಸಂಜೀಕ ಕೊಟ್ರ ಕೆಮ್ಮು ಬರ್ತೈತಿ, ಕೊಡೋದಿದ್ರ ಮುಂಜಾನೇನ ಕೊಡು" ಅಂದರು. ನಾಲತವಾಡದ ಸಹೋದ್ಯೋಗಿಯೊಬ್ಬರು, "ಹಾಲು ಕುಡಿದು ಎರಡು ತಾಸು ಆಗಿರಬೇಕ್ರಿ, ಹಣ್ಣು ತಿಂದ ಮ್ಯಾಲೂ ಎರಡು ತಾಸು ಹಾಲು ಕೊಡಬಾರದ್ರಿ" ಅಂದರು.

ಎಲ್ಲರ ಷರತ್ತನ್ನೂ ಕಾಗದದ ಮೇಲೆ ಬರೆದು ಬಿಡಿಸಿದೆ. ಉತ್ತರ ಬಂತು: ಮಧ್ಯಾಹ್ನ ಒಂದರಿಂದ ಒಂದೂವರೆ. ಅಷ್ಟೊತ್ತಿಗೆ ಮಗಳು ಮಲಗಿರುತ್ತಾಳೆ, ನಾನು ಶಾಲೆಯಲ್ಲಿರುತ್ತೇನೆ. ಹಣ್ಣು ಕಪ್ಪಾಗತೊಡಗಿದವು ಎಂದು ನನ್ನ ಗಂಡ ಎರಡು ದಿನದಲ್ಲಿ ಎಲ್ಲವನ್ನೂ ತಾನೇ ತಿಂದು ಮುಗಿಸಿದ. ಅವನಿಗೆ ನೆಗಡಿಯೂ ಬಂತು, ಕೆಮ್ಮೂ ಬಂತು. ಅವ್ವ, ಅತ್ತೆ ಇಬ್ಬರೂ ತಾವು ಹೇಳಿದ್ದೇ ಖರೆ ಆಯಿತೆಂದು ಖುಷಿಪಟ್ಟರು.

೨. ಡಾಕ್ಟರಿಗೂ ಕಣ್ಣು ಇರ್ತಾವ

ಕೊನೆಗೆ ಮಗಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಜೊತೆಗೆ ಅತ್ತೆ ಬಂದರು. ಅಲ್ಲಿ ಒಳಗಿನ ಕೋಣೆಗೂ ಹೊರಗೆ ಪಾಳಿ ಕಾಯುವ ಮಂದಿಗೂ ನಡುವೆ ಇರುವುದು ಒಂದು ಪರದೆ ಮಾತ್ರ.

"ಊಟ ಸ್ವಲ್ಪ ಕಡಿಮಿ ಮಾಡ್ತಾಳ್ರಿ" ಎಂದು ನಾನು ಶುರು ಮಾಡುವುದರೊಳಗೆ ಅತ್ತೆ ಪರದೆಯ ಕಡೆ ಮುಖ ಮಾಡಿ, "ಸ್ವಲ್ಪ ಎಲ್ಲಿದು? ನೀರು ಸೈತ ಮುಟ್ಟಂಗಿಲ್ರಿ. ಎಲುಬು ಎಲುಬು ಆಗ್ಯಾಳ್ರಿ" ಅಂದರು.

ಡಾಕ್ಟರು ಗಾಬರಿಯಾಗಿ ಮಗಳನ್ನು ತೂಕದ ಕಾಟಾದ ಮೇಲೆ ಕೂರಿಸಿದರು. ಮುಳ್ಳು ನೋಡಿದರು, ಮಗಳ ಗಲ್ಲ ನೋಡಿದರು, ಮತ್ತೆ ಮುಳ್ಳು ನೋಡಿದರು. "ತೂಕ ಬರೋಬ್ಬರಿ ಐತ್ರಿ. ನೀವು ಹೇಳೋದಕ್ಕೂ ಕಾಟಾ ಹೇಳೋದಕ್ಕೂ ತಾಳೆ ಆಗವಲ್ದು. ಎಂಟು ದಿನ ತಿಂದಿದ್ದೆಲ್ಲಾ ಬರದು ತರ್ರಿ. ಖರೇನ ಇಷ್ಟು ಕಡಿಮಿ ಇದ್ರ ರಕ್ತ ತಪಾಸಣೆ ಮಾಡೂಣು" ಅಂದರು.

ಹೊರಗೆ ಬಂದು ಅತ್ತೆಯನ್ನು ಕೇಳಿದೆ. "ಹಂಗ್ಯಾಕ ಹೇಳಿದ್ರಿ?"

"ಅಷ್ಟು ಮಂದಿ ಕೇಳಾಕತ್ತಿದ್ರು. ಕೂಸು ಗಟ್ಟಿ ಐತಿ, ಉಣ್ತೈತಿ ಅಂದ್ರ ನೆದರು ಆಗಂಗಿಲ್ಲೇನು?"

"ದೃಷ್ಟಿ ಆಗ್ತೈತಂತ ಡಾಕ್ಟ್ರಿಗೂ ಸುಳ್ಳು ಹೇಳೋದೇನ್ರಿ?"

"ಡಾಕ್ಟ್ರಿಗೇನು ಕಣ್ಣಿಲ್ಲ?"

೩. ಎರಡರಲ್ಲಿ ಐದು ಕಳೆದರೆ

ನೋಟುಬುಕ್ಕಿಗೆ ಗೀಟು ಹಾಕಿ ಎರಡು ಕಂಬ ಮಾಡಿದೆ, ಒಳಗೆ ಹೋದದ್ದು ಮತ್ತು ಹೊರಗೆ ಬಂದದ್ದು. ಸೋಮವಾರ ಒಳಗೆ ಹೋದದ್ದು ಎರಡು ತುತ್ತು ಅನ್ನ, ಅರ್ಧ ಬಿಸ್ಕೀಟು, ನನ್ನ ಚೀಲದಿಂದ ಕದ್ದ ಸೀಮೆಸುಣ್ಣದ ಚೂರು. ಹೊರಗೆ ಬಂದದ್ದು ಐದು ಸಲ, ಅದೂ ಕುಸ್ತಿ ಪೈಲವಾನನಂತೆ. ಮಂಗಳವಾರವೂ ಅಷ್ಟೇ. ಇಲ್ಲದ್ದರಿಂದ ಇಷ್ಟು ಕಳೆಯುವ ಗಣಿತ ನಾನು ಎಲ್ಲೂ ಓದಿಲ್ಲ. ಉಣ್ಣದೆಯೇ ತೂಕ ಇದೆಯೆಂದರೆ ಅದು ಬಾವು ಇರಬಹುದೇ? ನನಗೆ ನಿಜವಾಗಿ ಭಯವಾಯಿತು. ಆ ಪುಟ್ಟ ಕೈಗೆ ಸೂಜಿ ಚುಚ್ಚುವುದನ್ನು ನೆನೆದು ಶಾಲೆಯ ಸ್ಟಾಫ್ ರೂಮಿನಲ್ಲಿ ಕಣ್ಣೀರು ಹಾಕಿದೆ.

ಪಕ್ಕದ ಮನೆಯ ಭಾಬಿಯ ಎರಡು ವರ್ಷದ ಮಗನನ್ನು ಕಂಡರಂತೂ ನನ್ನ ಮಗಳೂ ಹೀಗೆ ಉಂಡಿದ್ದರೆ ಅನ್ನಿಸುತ್ತಿತ್ತು. ದಿನಾ ಸಂಜೆ ನಮ್ಮ ಮನೆಗೆ ಬಂದು, ನನ್ನ ಗಂಡನ ತಾಟಿನ ಮುಂದೆ ಚಕ್ಕಳಮಕ್ಕಳ ಹಾಕಿ, ಮೊಸರು ಶೇಂಗಾಹಿಂಡಿ ಹಚ್ಚಿದ ಅರ್ಧ ರೊಟ್ಟಿ ಮುಗಿಸಿ ಎದ್ದುಹೋಗುತ್ತಿದ್ದ. ಪಾಪ, ಅವರ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಉಣಿಸುವುದಿಲ್ಲವೇನೋ ಎಂದು ನಾನು ಇನ್ನಷ್ಟು ಮೊಸರು ಹಾಕುತ್ತಿದ್ದೆ. ಭಾಬಿಗೆ ಹೇಳೋಣವೆಂದರೆ ಅತ್ತೆ ಗದರಿಸಿದರು. "ಕೂಸು ಉಂಡಿದ್ದು ಹಡದಾಕಿ ಮುಂದ ಹೇಳಬಾರದು. ತಾಯಿ ಕಣ್ಣೇ ಮೊದಲ ತಾಕೋದು."

೪. ಎರಡು ನೋಟುಬುಕ್ಕು

ಒಂಬತ್ತನೆಯ ದಿನ ನಾನು ಅತ್ತೆ ಮತ್ತು ಮಗಳ ಜೊತೆ ಡಾಕ್ಟರ ಕೋಣೆಯೊಳಗೆ ಹೋದರೆ ಅಲ್ಲಿ ಭಾಬಿ ಮಗನನ್ನು ಎತ್ತಿಕೊಂಡು ನಿಂತಿದ್ದಳು. ಕೈಯಲ್ಲಿ ನೋಟುಬುಕ್ಕು, ಕಣ್ಣಲ್ಲಿ ನೀರು. ಡಾಕ್ಟರು ನನ್ನದನ್ನೂ ಇಸಿದುಕೊಂಡು ಎರಡನ್ನೂ ಪಕ್ಕಪಕ್ಕ ಇಟ್ಟರು. ಅಲ್ಲಿಯೂ ಎರಡು ತುತ್ತು, ಇಲ್ಲಿಯೂ ಎರಡು ತುತ್ತು. "ಒಬ್ಬರದ ನೋಡಿ ಒಬ್ಬರು ಬರದೀರೇನ್ರಿ?" ಎಂದು ಕೇಳಿದರು. ಪರೀಕ್ಷೆಯಲ್ಲಿ ನಾನು ಕೇಳುವ ಪ್ರಶ್ನೆ ನನಗೇ ಬಂತು.

ಅಷ್ಟರಲ್ಲಿ ನನ್ನ ಮಗಳು ನೆಟ್ಟಗೆ ಭಾಬಿಯ ಚೀಲಕ್ಕೆ ಕೈ ಹಾಕಿ ಡಬ್ಬಿ ತೆಗೆದು ಕೊಟ್ಟಳು. ಭಾಬಿ ಮುಚ್ಚಳ ತೆಗೆದಳು. ಮಗಳು ಚಪಾತಿ ಸುರುಳಿ ಹಿಡಿದು ಅಜ್ಜಿಯ ತೊಡೆ ಏರಿ ತಿನ್ನತೊಡಗಿದಳು. ಎಂಟು ದಿನ ಬರೆದ ನನ್ನ ಲೆಕ್ಕ ಅಲ್ಲಿಗೆ ಮುಗಿಯಿತು.

"ಅಕ್ಕೋರ, ಸಿಟ್ಟಾಗಬ್ಯಾಡ್ರಿ" ಅಂದಳು ಭಾಬಿ. "ನೀವು ಸಾಲಿಗೆ ಹೋದ ಮ್ಯಾಲ ದಿನಾ ನಮ್ಮ ಮನಿಗೆ ಬಂದು ಉಣ್ತಾಳ್ರಿ. ಪಾಪ, ನಿಮಗ ಉಣಸಾಕ ಹೊತ್ತು ಸಿಗಂಗಿಲ್ಲಂತ ತಿಳಿದಿದ್ದೆ. ನಮ್ಮ ಹುಡುಗ ನೋಡ್ರಿ, ಏನೂ ಉಣ್ಣಂಗಿಲ್ಲ."

"ನಿಮ್ಮ ಹುಡುಗ ದಿನಾ ನಮ್ಮ ಮನ್ಯಾಗ ಅರ್ಧ ರೊಟ್ಟಿ ಉಣ್ತಾನ್ರಿ ಭಾಬಿ" ಅಂದೆ. "ಮತ್ತ ನನ್ನ ಮಗಳು ಉಣ್ಣೋದು ನನಗ್ಯಾಕ ಹೇಳಲಿಲ್ರಿ?"

"ಹೇಳಬ್ಯಾಡ, ನೆದರು ಆಗ್ತೈತಿ ಅಂದ್ರು."

"ಯಾರು?"

ಭಾಬಿ ನನ್ನ ಅತ್ತೆಯನ್ನು ನೋಡಿದಳು. ನಾನೂ ನೋಡಿದೆ. ಅತ್ತೆ ಫ್ಯಾನು ನೋಡತೊಡಗಿದರು.

ನನಗೆ ಸಿಟ್ಟು ಬಂತು, ಅಳು ಬಂತು, ಕಡೆಗೆ ಮಗಳಿಗೆ ಸೂಜಿ ತಪ್ಪಿತಲ್ಲ ಎಂದು ಜೀವ ತಣ್ಣಗಾಯಿತು. ಡಾಕ್ಟರು ಎರಡೂ ನೋಟುಬುಕ್ಕು ಮುಚ್ಚಿ ಅತ್ತೆಯ ಕಡೆ ತಿರುಗಿದರು. "ಅಜ್ಜಿ, ಈಗರೆ ಖರೆ ಹೇಳ್ರಿ. ನಿಮ್ಮ ಮೊಮ್ಮಗಳು ಉಣ್ತಾಳೋ ಇಲ್ಲೋ?"

ಮಗಳು ಅದೇ ತೊಡೆಯ ಮೇಲೆ ಎರಡನೆಯ ಚಪಾತಿ ಶುರು ಮಾಡಿದ್ದಳು. ಅತ್ತೆ ಪರದೆಯ ಸಂದಿಯಿಂದ ಆಚೆ ಕೂತ ಮಂದಿಯನ್ನು ಒಮ್ಮೆ ನೋಡಿದರು, ಚಪಾತಿಯ ಮೇಲೆ ಸೆರಗು ಮುಚ್ಚಿದರು, ಎಲ್ಲರಿಗೂ ಕೇಳುವಂತೆ ಹೇಳಿದರು:

"ನೀರು ಸೈತ ಮುಟ್ಟಂಗಿಲ್ರಿ."