ಕೆಂಪಮ್ಮನ ಎಣ್ಣೆ

ದಿನಚರಿ ಬರೆಯುವವನಿಗೆ ನೆಮ್ಮದಿಯಾಗಿ ಸಿಟ್ಟು ಮಾಡಿಕೊಳ್ಳುವ ಭಾಗ್ಯವಿಲ್ಲ. ಉಳಿದವರು ಹಳೆಯ ಅನ್ಯಾಯವೊಂದನ್ನು ಬೇಕಾದಲ್ಲಿ ಒಂದಿಷ್ಟು ಸೇರಿಸಿ, ಬೇಡದಲ್ಲಿ ಒಂದಿಷ್ಟು ಬಿಟ್ಟು, ವರ್ಷಗಟ್ಟಲೆ ಬೆಚ್ಚಗೆ ಕಾಪಾಡಿಕೊಳ್ಳಬಹುದು. ನನ್ನಂಥವನ ಮನೆಯಲ್ಲಿ ಗೋಡೆಗೂಡಿನೊಳಗೆ ಸಾಕ್ಷಿ ಕೂತಿರುತ್ತದೆ. ನನ್ನ ನೆನಪನ್ನು ನಾನೇ ನಂಬದೆ ಕಾಲೇಜಿನ ದಿನಗಳಿಂದ ದಿನಚರಿ ಬರೆಯುತ್ತ ಬಂದಿದ್ದೇನೆ. ಬರೆದದ್ದನ್ನು ತೆಗೆದು ಓದುವ ಧೈರ್ಯ ಮಾತ್ರ ಮಾಡಿರಲಿಲ್ಲ. ಹೋದ ವಾರ ಮಾಡಬೇಕಾಯಿತು.

ಹೋದ ವಾರ ಬ್ಲಫ್ ಎಂಬ ಊರಿನಿಂದ ಒಬ್ಬಾತ ಬಂದ. ಅಲ್ಲಿನ ಪವರ್ ಹೌಸಿನಲ್ಲಿ ಫಿಟ್ಟರಂತೆ. ಮಳವಳ್ಳಿ ಮೇಲೆ ಬಸ್ಸು ಹಿಡಿದು ಮಂಡ್ಯದವರೆಗೆ ಬಂದವನು, ಕೂತುಕೊಳ್ಳಿ ಎಂದರೂ ಕೂರದೆ, "ಕೆಂಪಮ್ಮನ ಎಣ್ಣೆ ಸಿಗೋದು ಇದೇ ಮನೇಲಾ ಸಾರ್? ನಮ್ಮವ್ವಂಗೆ ಸೊಂಟ ಇಡ್ಕೊಂಡದೆ" ಎಂದ. ನಾನು ಹಲ್ಲು ಕಚ್ಚಿಕೊಂಡು ಒಂದು ಸೀಸೆ ತಂದುಕೊಟ್ಟೆ. ಸೀಸೆಯ ಮೇಲೆ ನನ್ನ ಕೈಬರಹದ ಚೀಟಿಯಿತ್ತು. ಚೀಟಿಯಲ್ಲಿ ನನ್ನ ಹೆಸರು, ಹೆಸರಿನ ಮುಂದೆ ಬಿ.ಎಸ್ಸಿ. ಆತ ಅದನ್ನು ಅಕ್ಷರ ಬಿಡದೆ ಓದಿ ವಾಪಸು ಚಾಚಿದ. "ಇದಲ್ಲ ಸಾರ್. ಕೆಂಪಮ್ಮಂದು ಕೊಡಿ."

ಎಣ್ಣೆ ತೆಗೆಯುವ ಹುಲ್ಲು ನೆಟ್ಟವನು ನಾನು. ಹಿತ್ತಿಲು ಅಗೆದವನು ನಾನು. ಹೈಸ್ಕೂಲಿನಲ್ಲಿ ದಿನವೂ ನಾಲ್ಕು ಪಿರಿಯಡ್ಡು ಸೈನ್ಸು ಹೇಳಿ ಬಂದು, ಸೊಂಟಕ್ಕೆ ಟವೆಲ್ಲು ಬಿಗಿದು ಒಲೆಯ ಹೊಗೆ ಕುಡಿದವನು ನಾನು. ಕೆಂಪಮ್ಮ ನಮ್ಮ ಮನೆಗೆ ಬೆರಣಿ ತಂದುಹಾಕುವವಳು. ಇದು ಯಾವ ನ್ಯಾಯ ಎಂದು ಹೆಂಡತಿ ಸಾಕಮ್ಮನನ್ನು ಕೇಳಿದರೆ, ನನ್ನ ಹೆಸರು ಹೇಳಿಕೊಂಡು ಹಚ್ಚಿದರೆ ನೋವು ಬೇಗ ಹೋಗುತ್ತದೆಯೇ ಎಂದು ಅವಳು ನನ್ನನ್ನೇ ಕೇಳಿದಳು. ಆ ಕ್ಷಣದಲ್ಲಿಯೇ ಇದರ ಚರಿತ್ರೆಯನ್ನೆಲ್ಲ ಪತ್ರಿಕೆಗೆ ಬರೆದು, ಎಣ್ಣೆ ಯಾರದೆಂದು ನಾಲ್ಕು ಜನಕ್ಕೆ ತಿಳಿಸಿಬಿಡುತ್ತೇನೆಂದು ತೀರ್ಮಾನಿಸಿದೆ. ಆಧಾರಕ್ಕಿರಲಿ ಎಂದು ಯುದ್ಧಕಾಲದ ದಿನಚರಿಗಳನ್ನು ಧೂಳು ಕೊಡವಿ ಇಳಿಸಿದೆ.

ಯುದ್ಧ ಶುರುವಾದ ಮೇಲೆ ಅಂಗಡಿಯಲ್ಲಿ ತಲೆನೋವಿನ ಮುಲಾಮಿನ ಡಬ್ಬಿ, ನೀಲಗಿರಿ ಎಣ್ಣೆ ಯಾವುದೂ ಸಿಗದಂತಾಯಿತು. ಸಾಕಮ್ಮನಿಗೆ ಆಗಾಗ ತಲೆನೋವು. ನಾನು ಏನನ್ನಾದರೂ ವಿವರಿಸಲು ಶುರುಮಾಡಿದಾಗಲೇ ಅದು ಬರುತ್ತಿತ್ತೆಂಬುದು ಕಾಕತಾಳೀಯವಿರಬೇಕು. ಬಚ್ಚಲ ನೀರು ಹರಿಯುವ ಕಡೆ ಮಜ್ಜಿಗೆಹುಲ್ಲು ನೆಟ್ಟೆ. ಎಲೆ ಹರಿದರೆ ನಿಂಬೆಯ ಘಮ. ಮಜ್ಜಿಗೆಗೆ ಹಾಕುವ ಅದೇ ಹುಲ್ಲು. ಊರಿಗೆ ಊರೇ ನಾಲೆ ನೀರಿಗೆ ಕಬ್ಬು ಹಾಕುವಾಗ ನಾನು ಹುಲ್ಲು ಬೆಳೆದದ್ದನ್ನು ಕಂಡು ಪಕ್ಕದ ಮನೆಯವರು ಬೇಲಿಗೆ ಒರಗಿ, "ಅಸ ಇಲ್ದೆ ಉಲ್ಲು ಯಾಕ್ ಬೆಳೀತೀರಿ ಮೇಷ್ಟ್ರೇ, ನೀವೇ ಮೇಯಾಕಾ?" ಎಂದದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ದಿನಚರಿಯಲ್ಲಿಯೂ ಇದೆ. ಅವಮಾನಗಳ ವಿಷಯದಲ್ಲಿ ಎರಡೂ ಒಂದೇ ಮಾತು.

ಎಣ್ಣೆ ಇಳಿಸಲು ದೊಡ್ಡ ಪಾತ್ರೆ ಬೇಕು. ಮನೆಯಲ್ಲಿದ್ದದ್ದು ನೀರು ಕಾಯಿಸುವ ತಾಮ್ರದ ಹಂಡೆ. ಮಳವಳ್ಳಿಯ ನನ್ನ ಮಾವನವರು ಮಗಳ ಮದುವೆಗೆ ಕೊಟ್ಟದ್ದು. ಅದನ್ನು ಸಾಕಮ್ಮನ ಒಪ್ಪಿಗೆ ಪಡೆದೇ ತೆಗೆದುಕೊಂಡೆನೆಂದು ನನ್ನ ನೆನಪು. "ಸಾಕಮ್ಮ ತೌರಿಗೆ ಹೋಗಿದ್ದಾಳೆ. ಹಂಡೆ ಇಳಿಸಿದೆ" ಎಂದು ದಿನಚರಿ. ಇರಲಿ, ಒಪ್ಪಿಗೆಯನ್ನು ಮೊದಲೇ ಪಡೆದು ಬರೆಯಲು ಮರೆತಿರಬಹುದು.

ಹಂಡೆಯಲ್ಲಿ ಹುಲ್ಲು, ನೀರು ತುಂಬಿ, ಅದರ ಬಾಯಿಗೆ ತಣ್ಣೀರಿನ ಮಡಕೆ ಕೂರಿಸಿ, ಆವಿ ಹೋಗದಂತೆ ಸಂದಿಗೆ ರಾಗಿಹಿಟ್ಟು ಮೆತ್ತಿ ಒಲೆ ಹೊತ್ತಿಸಿದೆ. ಮೊದಲ ಸಲ ಬರೀ ಘಮದ ನೀರು ಬಂತು. ಎರಡನೆಯ ಸಲ ಆ ಹಿಟ್ಟು ಸಿಡಿದು ನನ್ನ ಮೀಸೆಗೆ ಹತ್ತಿತು. ಮೂರನೆಯ ಸಲ ಬೆರಣಿ ಕುಕ್ಕೆ ಇಳಿಸುತ್ತಿದ್ದ ಕೆಂಪಮ್ಮ ಅಲ್ಲೇ ನಿಂತು ನೋಡಿದಳು.

"ಉರಿ ಜಾಸ್ತಿ ಆಯ್ತು ಕಣ್ ಸಾಮಿ. ಸೌದೆ ಉರಿ ಇದ್ಕಾಗಾಕಿಲ್ಲ. ಬೆರಣಿ ಕೆಂಡ್ದಲ್ಲಿ ಮೆತ್ಗೆ ಬೇಯ್ಬೇಕು. ಮ್ಯಾಗಳ ಮಡಕೆ ನೀರು ಬೆಚ್ಗಾದಂಗೆಲ್ಲ ಚೆಲ್ಲಿ ತಣ್ಣೀರು ಉಯ್ಬೇಕು."

ತನ್ನ ಬೆರಣಿಯನ್ನು ತಾನು ಹೊಗಳಿಕೊಳ್ಳುತ್ತಿದ್ದಾಳೆಂದು ಮೊದಲು ಅನಿಸಿತು. ಆದರೆ ಅವಳು ಹೇಳಿದಂತೆ ಮಾಡಿದರೆ ನೀರಿನ ಮೇಲೆ ಹಳದಿ ಎಣ್ಣೆ ತೆಳ್ಳಗೆ ತೇಲಿತು. ಇದನ್ನೆಲ್ಲ ಎಲ್ಲಿ ಕಲಿತೆ ಎಂದು ಕೇಳಿದೆ. "ಅಂಗೇ ಗೊತ್ತು ಬುಡಿ" ಎಂದು ಬೆರಣಿ ಒಟ್ಟಲು ಹೋದಳು. ಅವಳ ಗಂಡನನ್ನು ಅಬ್ಕಾರಿಯವರು ಆಗಾಗ ವಿಚಾರಿಸಿಕೊಂಡು ಹೋಗುತ್ತಿದ್ದರು. ನಾನು ಮುಂದೆ ಕೇಳಲಿಲ್ಲ. ನನ್ನ ಡಿಗ್ರಿಗೆ ಬಾರದ ವಿದ್ಯೆ ಎಲ್ಲಿಂದ ಬಂತೆಂದು ತಿಳಿದು ನನಗೇನು ಸಂತೋಷ?

ಆಮೇಲೆ ಆದದ್ದೇ ಅನ್ಯಾಯ. ಸಾಕಮ್ಮನ ಹಣೆಗೆ ಕೆಂಪಮ್ಮ ಎಣ್ಣೆ ತಿಕ್ಕಿದಳು, ತಲೆನೋವು ಹೋಯಿತು. ಬೀದಿಯ ಹೆಂಗಸರೆಲ್ಲ ಬಂದರು. ತಿಂಗಳೊಳಗೆ ಎಣ್ಣೆಗೆ ಅವಳ ಹೆಸರು ನಿಂತಿತು. ಸಾಲದ್ದಕ್ಕೆ ಇದೇ ಕೆಂಪಮ್ಮ ಸಿಕ್ಕಾಪಟ್ಟೆ ಉರಿ ಹಾಕಿ ನಮ್ಮ ಹಂಡೆಯನ್ನೇ ಸುಟ್ಟಳು. ಯುದ್ಧಕಾಲದಲ್ಲಿ ತಾಮ್ರ ಎಲ್ಲಿ ಸಿಗಬೇಕು? ಅಂದಿನಿಂದ ಎಣ್ಣೆ ಇಳಿಸುವುದೂ ಸ್ನಾನಕ್ಕೆ ನೀರು ಕಾಯಿಸುವುದೂ ಮಣ್ಣಿನ ಮಡಕೆಯಲ್ಲಿ. ಹಂಡೆ ಕಳೆದುಕೊಂಡವನು ನಾನು, ಹೆಸರು ಪಡೆದವಳು ಅವಳು. ಇಷ್ಟು ಬರೆದು, ಹಂಡೆ ಸುಟ್ಟ ದಿನವನ್ನು ಖಚಿತಪಡಿಸಿಕೊಳ್ಳಲು ಆ ಪುಟ ತೆಗೆದೆ.

ಅಂದು ಮಾವನವರು ಬಂದಿದ್ದರು. ಅವರಿಗೆ ಮಂಡಿನೋವು. ಮದುವೆಯ ದಿನವೇ ಅವರು, "ಬಿ.ಎಸ್ಸಿ. ಅಂದ್ರೆ ಕೈಯಲ್ಲಿ ಏನ್ ಮಾಡಾಕ್ ಬತ್ತದೆ ಅಳಿಮಯ್ಯ?" ಎಂದು ಕೇಳಿದ್ದರು. ಆ ಪ್ರಶ್ನೆಗೆ ನಾನಿನ್ನೂ ಉತ್ತರ ಕೊಟ್ಟಿರಲಿಲ್ಲ. ಪುಟದಲ್ಲಿದ್ದದ್ದನ್ನು ಇದ್ದ ಹಾಗೆ ಕೊಡುತ್ತೇನೆ:

"ಕೆಂಪಮ್ಮ ಬರುವ ಮುಂಚೆಯೇ ಎಣ್ಣೆ ತೆಗೆದು ತೋರಿಸಬೇಕೆಂದು ಸೌದೆ ತುಂಬಿದೆ. ನೀರು ಹಿಂಗಿತು. ಹಂಡೆಯ ತಳದ ಬೆಸುಗೆ ಬಿಟ್ಟಿತು. ಅಷ್ಟರಲ್ಲಿ ಅವಳು ಬಂದಳು. ಮಾವನವರು, ಉರಿ ಹಾಕಿದ್ದು ಯಾರು ಎಂದರು. ಅವಳ ಕಡೆ ಕೈ ತೋರಿಸಿದೆ. ಅವಳು ನನ್ನ ಮುಖ ನೋಡಿ, 'ನಾನೇ ಕಣೇಳಿ ಯಜಮಾನ್ರೇ, ಉರಿ ವಸಿ ಜಾಸ್ತಿ ಆಗೋಯ್ತು' ಎಂದಳು. ಚೆನ್ನಾಗಿ ಬೈಸಿಕೊಂಡಳು. ನಾಳೆ ಮಾವನವರಿಗೆ ನಿಜ ಹೇಳಬೇಕು."

ಮರುದಿನದ ಪುಟದಲ್ಲಿ: "ಮಾವನವರು ಹೊರಟರು. ಮಳೆ ಬರುವ ಹಾಗಿದೆ."

ಅಲ್ಲಿಗೆ ಮುಗಿದಿತ್ತು. ಇಷ್ಟು ವರ್ಷ ನಾನು ಸುಳ್ಳು ಹೇಳುತ್ತಿದ್ದೆನೆಂದು ಓದುಗರು ತಿಳಿಯಬಾರದು. ನಾನು ಅದನ್ನು ನಂಬಿದ್ದೆ. ನನ್ನ ಸುಳ್ಳನ್ನು ನನ್ನ ನೆನಪು ಕೊಂಡುಕೊಂಡು, ಕಲಾಯಿ ಹಾಕಿಸಿ, ನನಗೇ ನಿಜವೆಂದು ಕೊಟ್ಟಿತ್ತು.

ಆ ಪುಟ ಓದಿದ ಮಾರನೆಯ ಬೆಳಿಗ್ಗೆ ಕೆಂಪಮ್ಮ ಬಂದಾಗ, ಅವತ್ತು ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ. ಅವಳಿಗೆ ಮರೆತೇ ಹೋಗಿರುತ್ತದೆ ಎಂಬ ಆಸೆಯಿತ್ತು.

"ನೀವು ನಿಂತಿದ್ದ ನಿಲುವು ನೋಡಾಕಾಗ್ನಿಲ್ಲ ಕಣ್ ಸಾಮಿ" ಎಂದಳು ಕುಕ್ಕೆ ಇಳಿಸುತ್ತ. "ನಂಗೇನು, ಬೈದ್ರೆ ಬೈಲಿ. ಅವ್ರೇನು ನಂಗೆ ಮಾವ್ನಾ?"

ಸೀಸೆಗಳ ಮೇಲಿದ್ದ ನನ್ನ ಚೀಟಿಗಳನ್ನೆಲ್ಲ ನೆನೆಸಿ ಕಿತ್ತಿದ್ದೇನೆ. ಮಾವನವರು ಈಗಲೂ, ಹಂಡೆ ಸುಟ್ಟವಳ ಎಣ್ಣೆ ಒಂದು ಸೀಸೆ ಕಳಿಸಿ ಎಂದೇ ಹೇಳಿಕಳಿಸುತ್ತಾರೆ. ಮೊನ್ನೆ ಅವರಿಗೆ ನಿಜ ಬರೆಯಲು ಕಾರ್ಡು ಹಿಡಿದು ಕೂತೆ. ಸಾಕಮ್ಮನ ಕ್ಷೇಮ, ಮಕ್ಕಳ ಕ್ಷೇಮ, ನಾಲೆಗೆ ನೀರು ಬಿಟ್ಟದ್ದು ಇವೆಲ್ಲ ಬರೆಯುವಷ್ಟರಲ್ಲಿ ಕಾರ್ಡು ತುಂಬಿತು. ಮುಖ್ಯವಾದ ಮಾತಿಗೆ ಜಾಗ ಉಳಿಯಲಿಲ್ಲ. ಅದಕ್ಕೇ ಎಲ್ಲವನ್ನೂ ಇಲ್ಲಿ ಒಪ್ಪಿಕೊಂಡಿದ್ದೇನೆ. ಮಾವನವರ ಮನೆಗೆ ಈ ಪತ್ರಿಕೆ ಹೋಗುವುದಿಲ್ಲವೆಂದು ಸಾಕಮ್ಮನನ್ನು ಎರಡು ಸಲ ಕೇಳಿ ಖಚಿತಪಡಿಸಿಕೊಂಡಿದ್ದೇನೆ.