‘ಆಂ?’ ಎಂದು ಹೊರಟ ದಂಡಯಾತ್ರೆ

ಕಿವಿ ಮಂದ ಎಂದು ಒಪ್ಪಿಕೊಳ್ಳುವುದು ಸುಲಭ, ಬುದ್ಧಿ ನಿಧಾನ ಎಂದು ಒಪ್ಪಿಕೊಳ್ಳುವುದು ಕಷ್ಟ. ನನ್ನ ಕಿವಿಯಲ್ಲಿ ದೋಷವಿಲ್ಲವೆಂದು ಡಾಕ್ಟರೇ ಯಂತ್ರವಿಟ್ಟು ನೋಡಿ ಹೇಳಿದ್ದಾರೆ. ಆದರೂ ಯಾರು ಏನು ಕೇಳಿದರೂ ಮೊದಲು ‘ಆಂ?’ ಎನ್ನುವುದು ನನ್ನ ಹುಟ್ಟುಗುಣ. ಕೇಳಿಸದೆ ಅಲ್ಲ, ಉತ್ತರ ಹುಡುಕಿಕೊಳ್ಳಲು ಎರಡು ಗಳಿಗೆ ಸಿಗಲಿ ಎಂದು. ದಾವಣಗೆರೆಯಲ್ಲಿ ಇದರಿಂದ ಯಾರಿಗೂ ನಷ್ಟವಾಗಿರಲಿಲ್ಲ. ಲೆಕ್ಕದ ಮೇಷ್ಟರು, “ಆಂ ಅಂತೆ ಆಂ! ಕಿವೀಲಿ ಹತ್ತಿ ಇಟ್ಕೊಂಡಿದೀಯಾ?” ಎಂದು ತಲೆಗೆ ಮೊಟಕಿ ಪ್ರಶ್ನೆಯನ್ನು ಇನ್ನೊಮ್ಮೆ ಕೇಳುತ್ತಿದ್ದರು. ಅಷ್ಟರಲ್ಲಿ ಪಕ್ಕದವನು ಉತ್ತರ ಪಿಸುಗುಟ್ಟಿರುತ್ತಿದ್ದ.

ಸ್ವೀಡನ್ನಿನ ಶೋವ್ಡೆ ಎಂಬ ಊರಿಗೆ ಬಂದ ಮೇಲೆ ಗ್ರಹಚಾರ ಶುರುವಾಯಿತು. ಸ್ವೀಡಿಷ್ ಭಾಷೆಯಲ್ಲಿ ‘ಹೌದು’ ಎನ್ನಲು ‘ಯಾ’ ಎಂಬ ಶಬ್ದವಿದೆ, ಭಾಷೆಯ ಕ್ಲಾಸಿನಲ್ಲಿ ಅದನ್ನೇ ಕಲಿಸುತ್ತಾರೆ. ಆದರೆ ಜನ ಅದನ್ನು ಪೂರ್ತಿ ಹೇಳುವುದಿಲ್ಲ. ಅರ್ಧ ನುಂಗಿ ‘ಆ’ ಎನ್ನುತ್ತಾರೆ. ಹೀಗಾಗಿ ನನ್ನ ‘ಏನಂದ್ರಿ?’ ಇಲ್ಲಿಯವರಿಗೆ ‘ಆಗಲಿ’ ಎಂದು ಕೇಳಿಸುತ್ತದೆ. ಕಾರಿನ ಎಂಜಿನ್‌ಗಳ ಬಿಡಿಭಾಗ ಪರೀಕ್ಷಿಸುವ ಕೆಲಸ ನನ್ನದು. ಸೇರಿದ ಮೊದಲ ತಿಂಗಳಲ್ಲೇ ಮೇಲಧಿಕಾರಿ ಫಿಕಾದ ಹೊತ್ತಿಗೆ, ಎಂದರೆ ಎಲ್ಲರೂ ಕೂತು ಕಾಫಿ ಕುಡಿಯುವ ಹೊತ್ತಿಗೆ, ಏನೋ ಕೇಳಿದರು. ನಾನು ‘ಆಂ?’ ಎಂದೆ. ಅಂದಿನಿಂದ ಇಡೀ ವಿಭಾಗದ ಅಗ್ನಿಸುರಕ್ಷತೆ ನನ್ನ ತಲೆಯ ಮೇಲಿದೆ. ಹಳದಿ ಜಾಕೆಟ್ಟು ಹಾಕಿಕೊಂಡು ಜನರನ್ನು ಚಳಿಗೆ ಹೊರಗಟ್ಟಿ ತಲೆ ಎಣಿಸುತ್ತೇನೆ. ಹೆಂಡತಿ ಶಾಹಿನಾ ಆ ಜಾಕೆಟ್ಟನ್ನು ನೋಡಿ, “ನಿಮ್ಮ ಬಾಯಿಗೊಂದು ಬೀಗ ತರಿಸ್ಬೇಕು ಕಣ್ರೀ. ನಾಳೆ ಯಾರಾದ್ರೂ ಕಿಡ್ನಿ ಕೊಡ್ತೀರಾ ಅಂದ್ರೂ ಆಂ ಅಂತೀರಿ” ಎಂದಳು.

ಇದನ್ನೆಲ್ಲ ಹೇಳುತ್ತಿರುವುದು ಮಗಳ ವಿಷಯಕ್ಕೆ ಬರಲು. ನೇರವಾಗಿ ಬರಲು ಧೈರ್ಯ ಸಾಲದೆ ಸುತ್ತಿ ಬಂದೆ. ಸನಾಗೆ ಈಗ ಹದಿನಾಲ್ಕು. ಐದು ವರ್ಷದವಳಾಗಿ ಇಲ್ಲಿಗೆ ಬಂದಾಗ ನನ್ನ ತಲೆ ತಿನ್ನುವಷ್ಟು ಕನ್ನಡ ಮಾತಾಡುತ್ತಿದ್ದಳು. ಈಗ ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಸ್ವೀಡಿಷ್‌ನಲ್ಲಿ ಉತ್ತರಿಸುತ್ತಾಳೆ. ಈಚೆಗೆ ಅದೂ ‘ಮ್’ಗೆ ಇಳಿದಿದೆ. ಕನ್ನಡದಲ್ಲಿ ಉಳಿದಿರುವುದು ‘ಅಬ್ಬಾ’ ಒಂದೇ. ಅವಳು ಹಾಗೆಂದಾಗ ಅಪ್ಪನನ್ನು ಕರೆದಳೋ, ಬೇಸತ್ತು ಉಸ್ಸೆಂದಳೋ ನನಗೆ ಇನ್ನೂ ಗೊತ್ತಾಗುವುದಿಲ್ಲ. ಅದೇ ಹುಡುಗಿ ತನ್ನ ಕೋಣೆಯ ಬಾಗಿಲು ಹಾಕಿಕೊಂಡು ಹೆಡ್‌ಫೋನ್ ಏರಿಸಿದಳೆಂದರೆ ಗೋಡೆಯಾಚೆ ನಗು, ಕೂಗು, ಹಾಸ್ಯ. ಆನ್‌ಲೈನ್ ಆಟವಂತೆ. ಆ ನಗು ಕೇಳಿ ನನಗೆ ಹೊಟ್ಟೆಕಿಚ್ಚಾಯಿತು. ಸ್ವಂತ ಮಗಳ ನಗುವನ್ನು ಗೋಡೆಗೆ ಕಿವಿಯಿಟ್ಟು ಕೇಳುವ ಸ್ಥಿತಿ ವೈರಿಗೂ ಬೇಡ.

ಅವಳೊಂದಿಗೆ ಮಾತಾಡಲು ಒಂದು ವಿಷಯವಾದರೂ ಸಿಗಲಿ ಎಂದು ನಾನೂ ಆ ಆಟಕ್ಕೆ ಸೇರಿದೆ. ಎಂಟು ತಿಂಗಳು ಯಾರೊಂದಿಗೂ ಒಂದು ಮಾತಾಡದೆ ಆಟದೊಳಗಿನ ಕಾಡಿನಲ್ಲಿ ಸೊಪ್ಪು ಕಿತ್ತೆ. ಮದ್ದು ಅರೆಯುವ ವೈದ್ಯನ ಪಾತ್ರ ನನ್ನದು. ಹೆಸರು ಸಬ್ಬಸಿಗೆ. ನಮ್ಮೂರಿನ ಸಂತೆಯಲ್ಲೂ ಇಲ್ಲಿಯ ಅಂಗಡಿಯಲ್ಲೂ ಒಂದೇ ವಾಸನೆ ಬೀರುವ ಸೊಪ್ಪು ಅದೊಂದೇ ಎಂಬ ಅಭಿಮಾನದಿಂದ ಇಟ್ಟ ಹೆಸರು. ಇಲ್ಲಿಯ ಹುಡುಗರ ಆಡುಮಾತಿನಲ್ಲಿ ‘ಸಬ್ಬಾ’ ಎಂದರೆ ‘ಎಲ್ಲ ಹಾಳುಮಾಡು’ ಎಂಬ ಅರ್ಥವಿದೆಯೆಂದು ಆಗ ನನಗೆ ಯಾರೂ ಹೇಳಿರಲಿಲ್ಲ.

ನವೆಂಬರಿನ ಒಂದು ಶನಿವಾರ. ಆ ತಿಂಗಳಲ್ಲಿ ಇಲ್ಲಿ ಬೆಳಕು ತಡವಾಗಿ ಬಂದು, ನೆಂಟರ ಮನೆಗೆ ಮನಸ್ಸಿಲ್ಲದೆ ಬಂದವರ ಹಾಗೆ ಬೇಗ ಎದ್ದು ಹೋಗುತ್ತದೆ. ಊಟಕ್ಕೆ ಕೂತಾಗ ಸನಾ ತಟ್ಟೆಯಿಂದ ತಲೆಯೆತ್ತಿ ಸ್ವೀಡಿಷ್‌ನಲ್ಲಿ ಒಂದು ಉದ್ದದ ವಾಕ್ಯ ಹೇಳಿದಳು. ‘ಮ್’ ಅಲ್ಲದ ಮಾತು ಕೇಳಿ ಎಷ್ಟು ದಿನವಾಗಿತ್ತೋ! ಗಾಬರಿಯಲ್ಲಿ ನನ್ನ ಬಾಯಿಂದ ‘ಆಂ?’ ಎಂದು ಬಂತು. “ಪರ್ಫೆಕ್ಟ್” ಎಂದು ಅವಳು ಎದ್ದು ಹೋದಳು. ಶಾಹಿನಾ ನಗು ತಡೆದುಕೊಂಡು, “ಅವಳ ಗುಂಪಿನ ಒಬ್ಬ ಹುಡುಗೀಗೆ ಜ್ವರ ಅಂತೆ. ನಾಲ್ಕು ಗಂಟೆಗೆ ಅದೇನೋ ರೇಡ್‌ಗೆ ಅವಳ ಬದಲು ನೀವು ಬರ್ತೀರಾ ಅಂತ ಕೇಳಿದ್ಳು. ಒಪ್ಕೊಂಡ್ರಲ್ಲ!” ಎಂದು ಅನುವಾದಿಸಿದಳು.

ರೇಡ್ ಎಂದರೆ ಹತ್ತು ಜನ ಕೂಡಿ ಒಬ್ಬ ದೈತ್ಯನ ಮೇಲೆ ಬೀಳುವುದು. ಕೆಲವರು ಮುಂದೆ ನಿಂತು ಏಟು ತಿನ್ನುತ್ತಾರೆ, ಕೆಲವರು ಹಿಂದಿನಿಂದ ಬಾಣ ಬಿಡುತ್ತಾರೆ, ಒಬ್ಬ ವೈದ್ಯ ಎಲ್ಲರಿಗೂ ಮದ್ದು ಹಾಕುತ್ತಾನೆ. ಆ ಒಬ್ಬ ನಾನು. ನಾಲ್ಕು ಗಂಟೆಗೆ ಹೊರಗೆ ಕಗ್ಗತ್ತಲು. ನಾನು ಮಲಗುವ ಕೋಣೆಯಲ್ಲಿ, ಸನಾ ಪಕ್ಕದ ಕೋಣೆಯಲ್ಲಿ. ಅವಳ ದನಿ ಮೊದಲು ಗೋಡೆಯಿಂದ, ಒಂದು ಕ್ಷಣದ ನಂತರ ಹೆಡ್‌ಫೋನಿನಿಂದ, ಹೀಗೆ ಎರಡೆರಡು ಸಲ ಕೇಳುತ್ತಿತ್ತು. ನನಗೆ ಸುಖವಾಯಿತು, ಸುಳ್ಳೇಕೆ ಹೇಳಲಿ. ಗುಂಪಿನ ನಾಯಕಿ ವಿಲ್ಮಾ ಎಂಬ ಅವಳ ಸಹಪಾಠಿ. “ಈ ಸಬ್ಬಸಿಗೆ ಯಾರು?” ಎಂದು ಆಕೆ ಕೇಳಿದಳು. ಸನಾ ಸ್ವೀಡಿಷ್‌ನಲ್ಲಿ ಹೇಳಿದ ಉತ್ತರ ಚಿಕ್ಕದಾಗಿತ್ತು, ನನಗೂ ಅರ್ಥವಾಯಿತು. “ಯಾರೋ ಒಬ್ಬರು. ನಂಗೆ ಪರಿಚಯ.” ಅದೂ ಎರಡು ಸಲ ಕೇಳಿಸಿತು.

ಮೊದಲ ಯುದ್ಧಕ್ಕೆ ಮುಂಚೆ ವಿಲ್ಮಾ ಏನೋ ಕೇಳಿದಳು. ನಾನು ‘ಆಂ?’ ಎಂದೆ. ‘ಸಿದ್ಧವೇ?’ ಎಂದು ಕೇಳಿದ್ದಂತೆ. ಎಲ್ಲರೂ ನುಗ್ಗಿದರು. ನಾನು ಕೀಬೋರ್ಡಿನಲ್ಲಿ ಮದ್ದು ಯಾವುದೆಂದು ಹುಡುಕುವಷ್ಟರಲ್ಲಿ ಹತ್ತೂ ಜನ ಸತ್ತುಬಿದ್ದಿದ್ದೆವು. ಎರಡನೆಯ ಸಲ ಜಾಣನಾದೆ, ಬಾಯಿ ಬಿಡದೆ ತಲೆಯಾಡಿಸಿದೆ. ಹೆಡ್‌ಫೋನಿನಲ್ಲಿ ತಲೆಯಾಡಿಸಿದ್ದು ಕೇಳಿಸುವುದಿಲ್ಲ ಎಂಬುದು ಆಮೇಲೆ ಹೊಳೆಯಿತು. ಐದು ನಿಮಿಷ ಎಲ್ಲರೂ ನನಗಾಗಿ ಕಾದರು, ಯಾರೋ ‘ಮುದುಕ ನಿದ್ದೆಹೋದ’ ಎಂದರು.

ಮೂರನೆಯ ಸಲ ಎಲ್ಲ ಸರಿಯಾಯಿತು ಎಂದುಕೊಂಡೆ. ಮದ್ದಿನ ಕೀಲಿ ಸಿಕ್ಕಿತ್ತು, ಒತ್ತಿದ್ದೇ ಒತ್ತಿದ್ದು. ಬೆವರು ಒರೆಸಿಕೊಂಡು ನೋಡುತ್ತೇನೆ, ಎಂಟು ಮಕ್ಕಳು ನೆಲದ ಮೇಲೆ. ನಾನೂ ನೆಲದ ಮೇಲೆ. ದೈತ್ಯನ ಎದುರು ಸನಾ ಒಬ್ಬಳೇ, ಮೈಮೇಲೊಂದು ಗೀರಿಲ್ಲದೆ ನಿಂತಿದ್ದಾಳೆ. ಯಾರಿಗೆ ಎಷ್ಟು ಮದ್ದು ಬಿತ್ತು ಎಂಬುದನ್ನೆಲ್ಲ ಆಟ ಪಟ್ಟಿ ಮಾಡಿ ತೋರಿಸುತ್ತದಂತೆ, ಹಾಳಾದ್ದು. ಅಷ್ಟೂ ಮದ್ದು ಅವಳೊಬ್ಬಳಿಗೇ ಬಿದ್ದಿತ್ತು. ನಾನು ಬೇಕೆಂದು ಮಾಡಿದ್ದಲ್ಲ, ಕಣ್ಣು ಬೇರೆಡೆ ಹೋಗಲೇ ಇಲ್ಲ. “ಇವರು ನಿನಗೆ ಮಾತ್ರ ಯಾಕೆ ಹಾಕ್ತಾರೆ?” ಎಂದು ವಿಲ್ಮಾ ಕೇಳಿದಳು. ಗೋಡೆಯಾಚೆ ಸನಾಳ ಕುರ್ಚಿ ಕಿರುಗುಟ್ಟಿತು, ಹೆಡ್‌ಫೋನಿನಲ್ಲೂ ಕಿರುಗುಟ್ಟಿತು.

ಆಮೇಲೆ ವಿಲ್ಮಾ ಬಹಳ ಮೃದುವಾಗಿ, ನರ್ಸು ರೋಗಿಯನ್ನು ಮಾತಾಡಿಸುವ ಹಾಗೆ ನನಗೇನೋ ಹೇಳಿದಳು. ನಾನು ‘ಆಂ?’ ಎಂದೆ. “ಥ್ಯಾಂಕ್ಸ್, ತುಂಬಾ ಥ್ಯಾಂಕ್ಸ್!” ಎಂದು ಎಲ್ಲರೂ ಒಟ್ಟಿಗೆ ಹೇಳಿದರು, ತೆರೆ ಬರಿದಾಯಿತು. ‘ಇವತ್ತಿಗೆ ಸಾಕು, ನೀವು ವಿಶ್ರಾಂತಿ ತಗೊಳ್ತೀರಾ?’ ಎಂದು ಕೇಳಿದ್ದಳೆಂದು ಊಹಿಸಲು ಭಾಷೆ ಬೇಕಿರಲಿಲ್ಲ. ಮಕ್ಕಳು ನನ್ನ ಜಾಗಕ್ಕೆ ಬೇರೆ ವೈದ್ಯನನ್ನು ಹುಡುಕಿಕೊಂಡರು. ಇಪ್ಪತ್ತು ನಿಮಿಷಕ್ಕೆ ಗೋಡೆಯಾಚೆಯಿಂದ ವಿಜಯದ ಕೂಗು ಕೇಳಿಸಿತು. ಈ ಸಲ ಒಂದೇ ಸಲ, ಗೋಡೆಯಿಂದ ಮಾತ್ರ. ದೀಪ ಹಾಕುವುದಕ್ಕೂ ಮನಸ್ಸಾಗದೆ ಕೂತೆ. ಮಗಳ ಮನೆಯಿಂದ ಹೊರದಬ್ಬಿಸಿಕೊಂಡ ಹಾಗಿತ್ತು, ಅದೂ ನನ್ನದೇ ಒಪ್ಪಿಗೆಯ ಮೇಲೆ.

ಬಾಗಿಲು ಸ್ವಲ್ಪ ತೆರೆಯಿತು. ಸನಾ. ಹೆಡ್‌ಫೋನು ಕೊರಳಲ್ಲೇ ಇತ್ತು. ತಡವರಿಸುತ್ತಾ, ಪ್ರತಿ ಅಕ್ಷರವನ್ನೂ ಎಲ್ಲಿಂದಲೋ ಹುಡುಕಿ ತಂದಂತೆ ಕೇಳಿದಳು.

“ಅಬ್ಬಾ... ನಿಮ್ಗೆ ಬೇಜಾರ್ ಆಯ್ತಾ?”

ಕನ್ನಡ! ಪ್ರತಿ ಅಕ್ಷರವೂ ಸ್ಪಷ್ಟವಾಗಿ ಕೇಳಿಸಿತ್ತು. ‘ಛೇ ಛೇ, ಇಲ್ಲಮ್ಮ’ ಎಂದು ಸುಳ್ಳು ಹೇಳಲು ಎರಡು ಗಳಿಗೆ ಬೇಕಿತ್ತು, ಅಷ್ಟೆ.

“ಆಂ?” ಎಂದೆ.

ಸ್ವೀಡನ್ನಿನಲ್ಲಿ ಬೆಳೆದ ಕಿವಿ ಅವಳದು. ಹೌದೆಂದು ತಿಳಿದು ಬಂದು ನನ್ನ ಪಕ್ಕದಲ್ಲಿ ಕೂತಳು, ಹೆಗಲಿಗೆ ತಲೆಯಿಟ್ಟಳು. ಒಂಬತ್ತು ವರ್ಷದಲ್ಲಿ ನನ್ನ ‘ಆಂ?’ ಎಂಬುದನ್ನು ಸರಿಯಾಗಿ ಅರ್ಥಮಾಡಿಕೊಂಡವಳು ಅವಳೊಬ್ಬಳೇ.

ತುಸು ಹೊತ್ತಾದ ಮೇಲೆ ಸ್ವೀಡಿಷ್‌ನಲ್ಲಿ ಮತ್ತೇನೋ ಉದ್ದಕ್ಕೆ ಕೇಳಿದಳು. ನಿಜಕ್ಕೂ ಒಂದಕ್ಷರ ಅರ್ಥವಾಗಲಿಲ್ಲ. ಇನ್ನೊಂದು ರೇಡೋ, ಹೊಸ ಕಂಪ್ಯೂಟರೋ, ಸ್ನೇಹಿತೆಯರ ಮನೆಯಲ್ಲಿ ಉಳಿಯುವುದಕ್ಕೆ ಅನುಮತಿಯೋ, ದೇವರೇ ಬಲ್ಲ. ಜನ್ಮದಲ್ಲಿ ಮೊದಲ ಸಲ ಪ್ರಶ್ನೆಯ ರಾಗ ಎಳೆಯದೆ, ಬಾಯಿತುಂಬ “ಆ” ಎಂದುಬಿಟ್ಟೆ.