ಕಾಕಾನ ಮೋಟಾರಿಗೆ ವಿಭೂತಿ

ನಮ್ಮ ಕಾಕಾ ಮೋಟಾರು ಕೊಂಡದ್ದು ಎಲ್ಲಿಗೂ ಹೋಗಲಿಕ್ಕಲ್ಲ, ಉಜ್ಜಲಿಕ್ಕೆ. ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ, ಜಮಖಂಡಿಯಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಿದ್ದರು. ಸಂಸ್ಥಾನ ಹೋಗಿ ಮುಂಬೈ ರಾಜ್ಯ ಬಂದ ಹೊಸತರಲ್ಲಿ, ಪುಣೆಗೆ ಹೊರಟ ಅಧಿಕಾರಿಯೊಬ್ಬರು ತಮ್ಮ ಕರಿ ಮೋಟಾರನ್ನು ಕಾಕಾಗೆ ಮಾರಿದರು. ಹೊಲ ಪಾಲಿಗೆ ಕೊಟ್ಟಿದ್ದರಿಂದ ಕಾಕಾಗೆ ಪುರಸೊತ್ತಿಗೆ ಕೊರತೆಯಿರಲಿಲ್ಲ. ದಿನಾ ಮುಂಜಾನೆ ಗಾಡಿ ಚಾಲೂ ಮಾಡಿ, ಸದ್ದು ಕೇಳಿ, ಬಂದ್ ಮಾಡಿ, ಬೇವಿನ ನೆರಳಲ್ಲಿ ಅದರ ಮುಂದೆ ಬಟ್ಟೆ ಹಿಡಿದು ಕೂಡುತ್ತಿದ್ದರು.

ಕಾಕಾನ ಹೆಂಡತಿ, ನಮ್ಮ ಕಾಕು, ರಬಕವಿಯ ನೇಕಾರರ ಮನೆಯ ಮಗಳು. ಆಕೆಗೆ ಇದ್ದದ್ದು ಒಂದೇ ಆಸೆ: ಆ ಮೋಟಾರಿನಲ್ಲಿ ಕೂತು ತವರಿಗೆ ಹೋಗಬೇಕು, ಅವ್ವ ಬಾಗಿಲಲ್ಲಿ ನಿಂತು ನೋಡಬೇಕು.

"ಯಾವಾಗ ಹೋಗೂಣ್ರಿ?"

"ಈ ಒಂದು ಗೀರು ಹೋಗ್ಲಿ, ತಡಿ."

ಗೀರು ಹೋಗುತ್ತಿತ್ತು, ಮರುದಿನ ಇನ್ನೊಂದು ಕಾಣುತ್ತಿತ್ತು. ಕಾಕು ಬುತ್ತಿ ಕಟ್ಟಿಕೊಂಡು ಬಸ್ಸಿಗೆ ಹೋಗುತ್ತಿದ್ದರು.

ಗೀರು ಹೋಗುವುದಾದರೂ ಹೇಗೆ ಎಂದು ನಾನೊಮ್ಮೆ ಕೇಳಿ ಕೆಟ್ಟೆ.

"ಗೀರು ಹೋಗೂದಿಲ್ಲಲೇ," ಎಂದರು ಕಾಕಾ. "ಸುತ್ತ ಇರೂ ಬಣ್ಣ ಹೋಗತೈತಿ. ಸುತ್ತಿಂದೆಲ್ಲಾ ಗೀರಿನ ಮಟ್ಟಕ್ಕ ಇಳದ್ರ ಗೀರು ಎಲ್ಲೈತಿ?"

"ಹಂಗಾದ್ರ ಉಜ್ಜಿ ಉಜ್ಜಿ ಕಡೀಕ ಮೋಟಾರ ಎಲ್ಲೈತಿ, ಕಾಕಾ?"

ಕಾಕಾ ನನ್ನನ್ನು ಕನಿಕರದಿಂದ ನೋಡಿದರು. ನಮ್ಮಿಬ್ಬರಲ್ಲಿ ಯಾರು ಸರಿ ಎಂದು ನನಗೆ ಇಂದಿಗೂ ಬಗೆಹರಿದಿಲ್ಲ. ಮಡ್‌ಗಾರ್ಡಿನ ಅಂಚಿನಲ್ಲಿ ಮಾತ್ರ ಕಪ್ಪು ಸವೆದು ಕೆಳಗಿನಿಂದ ಹಸಿರು ಇಣುಕಿತು. ಹಾಗಾದರೆ ಇದು ಕರಿ ಮೋಟಾರೋ, ಹಸಿರು ಮೋಟಾರೋ? ಓಣಿಯಲ್ಲಿ ಎರಡು ಪಂಗಡಗಳಾದವು.

ಬೆಳಗಾವಿಯಿಂದ ತರಿಸಿದ ಪಾಲೀಶ್ ಡಬ್ಬಿ ತೀರಿತು. ಇಟ್ಟಂಗಿ ಪುಡಿ ಒರಟು. ಹಲ್ಲುಪುಡಿ ಪರವಾಗಿಲ್ಲ, ಆದರೂ ಕಾಕಾಗೆ ಸಮಾಧಾನವಿಲ್ಲ. ಬೆರಳ ನಡುವೆ ತಿಕ್ಕಿದರೆ ಪುಡಿ ಇದೆಯೋ ಇಲ್ಲವೋ ಎಂದು ಅನುಮಾನ ಬರಬೇಕು, ಅಂಥದ್ದು ಬೇಕು. ಅದು ಒಂದು ಮುಂಜಾನೆ ಪೂಜೆಗೆ ಕೂತಾಗ ಸಿಕ್ಕಿತು, ಸ್ವಂತ ಹಣೆಯ ಮೇಲೆ. ವಿಭೂತಿ!

ಕಾಕು ದೇವರ ಮನೆಗೆ ಹೋದರೆ ವಿಭೂತಿ ಗಟ್ಟಿ ಇಲ್ಲ. ಹೊರಗೆ ಕಾಕಾ ಅದನ್ನು ಕುಟ್ಟಿ, ಮಾವ ಕೊಟ್ಟ ಧೋತರದಲ್ಲಿ ಸಾಣಿಸಿ, ಎಣ್ಣೆಯಲ್ಲಿ ಕಲಸಿ ಬಾನೆಟ್ಟಿಗೆ ಹಚ್ಚುತ್ತಿದ್ದರು.

"ಶಿವನ ಹಣಿಗೆ ಹಚ್ಚೂದನ್ನ ಗಾಡಿಗೆ ಹಚ್ಚತೀರಲ್ಲ, ಪಾಪ ಅನಸೂದಿಲ್ಲೇನ್ರಿ?"

"ನೀನ ನೋಡು, ಹೆಂಗ ಹೊಳ್ಯಾಕತ್ತೈತಿ."

ಹೊಳೆಯುತ್ತಿದ್ದದ್ದೇನೋ ನಿಜ. ಕಾಕುಗೆ ಅದರಲ್ಲಿ ತಮ್ಮ ಸಿಟ್ಟಿನ ಮುಖವೇ ಕಂಡಿತು.

ಒಂದು ಸೋಮವಾರ ಕಾಕಾ ವಿಭೂತಿ ಬಳಿದು, ಒಣಗಲಿ ಎಂದು ಬಿಟ್ಟು ಊಟಕ್ಕೆ ಒಳಗೆ ಬಂದರು. ಬಾನೆಟ್ಟಿನ ಮೇಲೆ ಬೆರಳಿನ ಗೆರೆಗಳು ಅಡ್ಡಡ್ಡ ಮೂಡಿದ್ದವು. ತುಬಚಿಯಿಂದ ಪೇಟೆಗೆ ಬಂದ ಮುದುಕಿಯೊಬ್ಬಳು ನಿಂತು ಕೈಮುಗಿದಳು. ಅವಳನ್ನು ನೋಡಿ ಇನ್ನೊಬ್ಬರು ಮುಗಿದರು. ಕಾಕಾ ಕೈತೊಳೆದು ಹೊರಬರುವಷ್ಟರಲ್ಲಿ ಒಬ್ಬ ಪುಣ್ಯಾತ್ಮ ಬಂಪರಿಗೆ ತೆಂಗಿನಕಾಯಿ ಒಡೆದಿದ್ದ. ಚಿಪ್ಪು ಸಿಡಿದು ಬಣ್ಣಕ್ಕೆ ಗೀರು ಬಿದ್ದಿತ್ತು.

"ಯಾವ ದೇವ್ರಂತ ತಿಳದು ಒಡದ್ಯೋ?"

"ಗೊತ್ತಿಲ್ರಿ. ಎಲ್ಲಾರೂ ಕೈಮುಗ್ಯಾಕತ್ತಿದ್ರು."

ಆ ಗೀರಿಗೆ ಮತ್ತೆ ವಿಭೂತಿ ಬೇಕು. ವಿಭೂತಿ ಹಚ್ಚಿದರೆ ಮತ್ತೆ ಕಾಯಿ ಬರುವ ಭಯ. ಕಾಕಾ ಮಾಡುತ್ತಿರುವುದು ಪಾಲೀಶೋ ಪೂಜೆಯೋ ಎಂಬುದು ನಮಗ್ಯಾರಿಗೂ ತಿಳಿಯದಾಯಿತು.

ಹೀಗಿರುವಾಗ ರಬಕವಿಯಿಂದ ಸುದ್ದಿ ಬಂತು. ಕಾಕುವಿನ ಅವ್ವನಿಗೆ ಬೇನೆ ಜೋರಾಗಿದೆ, ಮಗಳನ್ನು ಕೇಳುತ್ತಿದ್ದಾರೆ. ಬಸ್ಸು ಆಗಲೇ ಹೋಗಿತ್ತು. ಕಾಕಾ ಒರೆಸುತ್ತಿದ್ದ ಬಟ್ಟೆಯನ್ನು ಅಲ್ಲೇ ಎಸೆದು, "ಹತ್ತು" ಎಂದರು. ನಾನೂ ಹಿಂದೆ ಹತ್ತಿದೆ.

ರಸ್ತೆಯ ತುಂಬ ಹತ್ತಿ ಹೇರಿದ ಚಕ್ಕಡಿಗಳ ಸಾಲು. ಕಾಕಾ ಕಾಯಲಿಲ್ಲ, ಜಾಲಿಗಿಡಗಳ ನಡುವಿನ ಬಂಡಿದಾರಿಗೆ ಗಾಡಿ ಇಳಿಸಿದರು. ಮುಳ್ಳು ಎರಡೂ ಮಗ್ಗುಲು ಕರ್ರನೆ ಗೀಚಿತು. ಕಾಕು ಪ್ರತಿಸಲವೂ ಬೆಚ್ಚಿ ಗಂಡನ ಮುಖ ನೋಡುತ್ತಿದ್ದರು. ಕಾಕಾ ದಾರಿ ಬಿಟ್ಟು ಬೇರೇನನ್ನೂ ನೋಡಲಿಲ್ಲ.

ಅವ್ವ ಬಾಗಿಲಲ್ಲಿ ನಿಲ್ಲುವ ಹಾಗಿರಲಿಲ್ಲ. ಹಾರ್ನು ಕೇಳಿ ಕಣ್ಣು ತೆರೆದಿದ್ದರು.

"ಗಾಡ್ಯಾಗ ಬಂದೇನು, ಮಗಳ?"

"ಹೂಂನಬೇ. ನಮ್ಮ ಗಾಡ್ಯಾಗ ಬಂದೇನಿ."

ಸಂಜೆ ಅವ್ವ ಮಗಳ ಕೈ ಹಿಡಿದುಕೊಂಡೇ ತೀರಿಕೊಂಡರು.

ಜಮಖಂಡಿಗೆ ಮರಳಿದ ಮೇಲೆ ಕಾಕಾ ಎಂದಿನಂತೆ ಬೇವಿನ ಕೆಳಗೆ ಕೂತರು. ಆದರೆ ಕೈ ಆಡಲಿಲ್ಲ. ಕಾಕು ಒಳಗೆ ಹೋಗಿ, ತಾವೇ ವಿಭೂತಿ ಗಟ್ಟಿ ತಂದು ಮುಂದಿಟ್ಟರು.

"ಇದ ಹಚ್ಚಿ ಉಜ್ಜ್ರಿ. ಏನೂ ಪಾಪ ಇಲ್ಲ."

"ಬ್ಯಾಡ, ಇರ್ಲಿ ಬಿಡು. ನಿಮ್ಮವ್ವನ್ನ ನೋಡಾಕ ಹೋದಾಗ ಬಿದ್ದ ಗೀರು ಇವು."

ಕಾಕು ಬೆರಳು ಒದ್ದೆ ಮಾಡಿ ಗಟ್ಟಿಗೆ ತಿಕ್ಕಿ, ಬಾನೆಟ್ಟಿನ ಮೇಲೆ ಅಡ್ಡಕ್ಕೆ ಮೂರೆಳೆ ಎಳೆದು ಕೈಮುಗಿದರು.

ಒರೆಸುವ ಬಟ್ಟೆ ಕಾಕಾನ ಹೆಗಲ ಮೇಲೆಯೇ ಇತ್ತು. ಅವರು ಒರೆಸಲಿಲ್ಲ.